ಬೆಳಗಾವಿಯಿಂದ ಸ್ಯಾನ್ ಫ್ರಾನ್ಸಿಸ್ಕೋ: ಅವ್ವನಿಗೆ ಎಷ್ಟು ತಾಸು ಅಂತ ಹೇಳಲಿ?

ಟಿಳಕವಾಡಿ ಹುಡುಗ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು. ಆದರೆ ನಾಲ್ಕು ದಿನದಿಂದ ಮನೆಯಲ್ಲಿ ಇದೇ ಗದ್ದಲ.

ತಂಗಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಅವಳು ಇಲ್ಲಿಗೆ ಬರುವ ಹಾಗಿಲ್ಲ, ಅದಕ್ಕೆ ಬಾಣಂತನಕ್ಕೆ ಅವ್ವನೇ ಜುಲೈನಲ್ಲಿ ಹೊರಟಿದ್ದಾಳೆ. ವಯಸ್ಸು 64. ಇಲ್ಲಿಯವರೆಗೆ ವಿಮಾನ ಹತ್ತಿದ್ದು ಒಂದೇ ಸಲ, ನಮ್ಮೂರ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ. ನನಗೆ ರಜೆ ಇಲ್ಲ, ಒಬ್ಬಳೇ ಹೋಗಬೇಕು. "ಎಷ್ಟು ದೂರ ಅದ, ಎಷ್ಟು ತಾಸು ಹಿಡೀತದ, ಅಷ್ಟು ಹೇಳಿಬಿಡು. ಉಳಿದದ್ದು ನಾ ನೋಡ್ಕೋತೀನಿ" ಅಂದಳು.

ನಾನು ಹುಡುಕಿದೆ. ಒಂದು ಕಡೆ 13,800 ಕಿ.ಮೀ., 17 ತಾಸು 45 ನಿಮಿಷ ಅಂತ ಬಂತು. ನಮ್ಮ ಟಿಕೆಟ್ ಇರೋದು ಬೆಂಗಳೂರು, ಫ್ರಾಂಕ್‌ಫರ್ಟ್ ಮೇಲೆ ಹಾದು. ಅದನ್ನು ತುಂಡು ತುಂಡಾಗಿ ಕೂಡಿಸಿದರೆ 17,000 ಕಿ.ಮೀ. ಮುಟ್ಟುತ್ತದೆ. ಟಿಕೆಟ್ ಮೇಲೆ ನೋಡಿದರೆ ಬೆಂಗಳೂರು ಬಿಡೋದು ಬೆಳಗಿನ ಜಾವ 3ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟೋದು ಅದೇ ತಾರೀಖು ಸಂಜೆ 4ಕ್ಕೆ. ನಮ್ಮ ಕಾಕಾ ಅದನ್ನು ನೋಡಿ "ಬರೀ 13 ತಾಸು, ಹುಬ್ಬಳ್ಳಿಯಿಂದ ಮುಂಬೈಗೆ ಬಸ್ಸಿನಾಗ ಹೋದಂಗ" ಅಂತ ಅವ್ವನಿಗೆ ಹೇಳಿಬಿಟ್ಟಿದ್ದಾರೆ.

ಮೂರರಲ್ಲಿ ಯಾವುದು ಸರಿ?

ಮುಧೋಳ ಹೌಂಡ್

ಕಾಕಾ ಅವರ ಲೆಕ್ಕದಲ್ಲಿ ವಾಪಸ್ ಬರುವಾಗ 38 ತಾಸು ಆಗುತ್ತದೆ. ಹೋಗೋದು ಇಳಿಜಾರು, ಬರೋದು ಏರು ಅಂತ ಹೇಳಿಬಿಡಿ.

ಸಾಂಬ್ರಾ ರನ್‌ವೇ

ನಾನು ವಾಯುಸೇನೆಯಲ್ಲಿದ್ದವನು. ಇಲ್ಲೇ ಸಾಂಬ್ರಾದ ಏರ್‌ಮನ್ ಟ್ರೈನಿಂಗ್ ಸ್ಕೂಲ್‌ನಲ್ಲಿ ಕಲಿತೆ, ನಿವೃತ್ತಿ ಆದಮೇಲೆ ಇಲ್ಲೇ ಮನೆ ಕಟ್ಟಿದೆ. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

13,800 ಸುಳ್ಳಲ್ಲ. ಬೆಳಗಾವಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಭೂಮಿಯ ಮೈಮೇಲೆ ದಾರ ಬಿಗಿಯಾಗಿ ಎಳೆದರೆ ದಾರದ ಉದ್ದ ಅಷ್ಟೇ. ಆದರೆ 17 ತಾಸು 45 ನಿಮಿಷ ಅನ್ನೋದು ಸುಮ್ನೆ ಭಾಗಾಕಾರ. 13,800ನ್ನು 800ರಿಂದ ಭಾಗಿಸಿ, ಏರೋಕೆ ಇಳಿಯೋಕೆ ಅಂತ ಅರ್ಧ ತಾಸು ಸೇರಿಸಿದ್ದಾರೆ. ನೀವೇ ಮಾಡಿ ನೋಡಿ, ಸರಿಯಾಗಿ ಅಷ್ಟೇ ಬರುತ್ತದೆ. ಅಂದರೆ ಅವರು ನಮ್ಮ ಸಾಂಬ್ರಾದಿಂದ ಅಮೆರಿಕಕ್ಕೆ ನೇರ ವಿಮಾನ ಬಿಟ್ಟೇಬಿಟ್ಟಿದ್ದಾರೆ! ನಮ್ಮ ರನ್‌ವೇ ಉದ್ದ 2,300 ಮೀಟರ್. ಬೆಂಗಳೂರಿನದು 4,000 ಮೀಟರ್. ಅಷ್ಟು ದೂರಕ್ಕೆ ಎಣ್ಣೆ ತುಂಬಿದ ದೊಡ್ಡ ವಿಮಾನ ಇಲ್ಲಿಂದ ಎದ್ದರೆ ಮಾರಿಹಾಳದ ಹೊಲದಲ್ಲೇ ಇರುತ್ತದೆ.

17,000 ನಿಮ್ಮ ನಿಜವಾದ ದಾರಿ. ಸಾಂಬ್ರಾದಿಂದ ದೇವನಹಳ್ಳಿಗೆ ಸುಮಾರು 445 ಕಿ.ಮೀ., ಅಲ್ಲಿಂದ ಫ್ರಾಂಕ್‌ಫರ್ಟ್ 7,400, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 9,150. ಇದೂ ದಾರದ ಲೆಕ್ಕವೇ. ಪೈಲಟ್ ಹವಾ ನೋಡಿಕೊಂಡು, ಅವರಿವರ ಆಕಾಶ ತಪ್ಪಿಸಿಕೊಂಡು ಹೋದಾಗ ಇನ್ನೂ ಜಾಸ್ತಿ ಆಗುತ್ತದೆ.

ಇನ್ನು ಕಾಕಾ ಅವರ 13 ತಾಸು. ಜುಲೈನಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ಚಳಿಗಾಲದಲ್ಲಾದರೆ ಹದಿಮೂರೂವರೆ. ಅಲ್ಲಿನ ಸಂಜೆ 4 ಅಂದರೆ ನಮ್ಮಲ್ಲಿ ಮರುದಿನ ಬೆಳಗಿನ ಜಾವ ನಾಲ್ಕೂವರೆ. ಬೆಂಗಳೂರು ಬಿಟ್ಟಿದ್ದು 3ಕ್ಕೆ. ಅಲ್ಲಿಗೆ 25 ತಾಸು 30 ನಿಮಿಷ ಆಯಿತು, ಅಲ್ವಾ?

ಟಿಕೆಟ್ ಮೇಲಿನ ಸಮಯ ಹಾರುವ ಸಮಯ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಲಾರಿ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸುತ್ತೇವಲ್ಲ, ವಿಮಾನದ ಗಾಲಿಗೂ ಹಾಗೆ ಅಡ್ಡಗಟ್ಟೆ ಕೊಡುತ್ತಾರೆ. ಅದನ್ನು ತೆಗೆದಾಗಿನಿಂದ ಹಿಡಿದು, ಇಳಿದ ಊರಿನಲ್ಲಿ ಮತ್ತೆ ಕೊಡುವವರೆಗಿನ ಹೊತ್ತು ಅದು. ದೊಡ್ಡ ನಿಲ್ದಾಣದಲ್ಲಿ ರನ್‌ವೇವರೆಗೆ ಉರುಳಿಕೊಂಡು ಹೋಗೋಕೇ 20 ನಿಮಿಷ ಬೇಕು. ಅದಕ್ಕೇ ಬೆಳಗಾವಿ–ಬೆಂಗಳೂರು 445 ಕಿ.ಮೀ.ಗೆ ಒಂದೂಕಾಲು ತಾಸು ಬರೆದಿರುತ್ತಾರೆ. ಪಂಖಾ ಇರುವ ಎಟಿಆರ್ ಆದರೆ ಇನ್ನೂ ಹೆಚ್ಚು. ಅದು ಗಂಟೆಗೆ 500 ಕಿ.ಮೀ. ಆಸುಪಾಸು ಹೋಗುವಂಥದ್ದು, ಜೆಟ್ 850.

ಟಿಳಕವಾಡಿ ಹುಡುಗ

ಬಹಳ ಧನ್ಯವಾದ ಸರ್. ಇಪ್ಪತ್ತೈದೂವರೆ ಅಂತ ಕೇಳಿದ ಮೇಲೆ ಕಾಕಾ ಮಾತಾಡಿಲ್ಲ, ಪೇಪರ್ ಮುಖಕ್ಕೆ ಹಿಡಿದು ಕೂತಿದ್ದಾರೆ.

ಒಂದು ಅರ್ಥ ಆಗಲಿಲ್ಲ. ಆ 13,800ರ ನೇರ ಗೆರೆ ಮ್ಯಾಪ್ ಮೇಲೆ ರಷ್ಯಾದ ನೆತ್ತಿಯ ಮೇಲೆ ಹೋಗಿದೆ. ಅಮೆರಿಕ ನಮಗೆ ಪಶ್ಚಿಮಕ್ಕಲ್ವಾ? ಇದು ನೇರ ಹೇಗಾಯಿತು? ಬಿಲ್ಲಿನ ಹಾಗೆ ಬಾಗಿದೆ.

ಗುಮ್ಮಟದ ಮೇಷ್ಟ್ರು

ಇದನ್ನು ನಾನು ಹೇಳುತ್ತೇನೆ. ವಿಜಯಪುರದಲ್ಲಿ 31 ವರ್ಷ ಭೂಗೋಲ ಪಾಠ ಮಾಡಿದವನು. ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದುಕೊಂಡು ಹೋಗಿ ಹುಲ್ಲಿನ ಮೇಲೆ ಕೂರಿಸಿ ಇದೇ ಪಾಠ ಮಾಡುತ್ತಿದ್ದೆ.

ಗುಮ್ಮಟದ ಹೊರಮೈ ನೋಡಿ. ಅಡ್ಡಳತೆ ಸುಮಾರು 44 ಮೀಟರ್. ಲೆಕ್ಕಕ್ಕೆ ಅದು ಸರಿಯಾದ ಅರ್ಧ ಚೆಂಡು ಅಂತ ಇಟ್ಟುಕೊಳ್ಳಿ. ಬುಡದಿಂದ ಅರ್ಧ ಎತ್ತರದಲ್ಲಿ ಒಂದು ಇರುವೆ ಇದೆ. ಸರಿಯಾಗಿ ಎದುರು ಬದಿಯಲ್ಲಿ, ಅಷ್ಟೇ ಎತ್ತರದಲ್ಲಿ, ಒಂದು ಬೆಲ್ಲದ ಚೂರು. ಇರುವೆಗೆ ಎರಡು ದಾರಿ. ಎತ್ತರ ಬದಲಿಸದೆ ಬಳೆಯ ಹಾಗೆ ಸುತ್ತು ಹಾಕಿ ಹೋಗಬಹುದು. ಅದು 60 ಮೀಟರ್. ಅಥವಾ ನೆತ್ತಿಗೆ ಹತ್ತಿ ಆಚೆ ಇಳಿಯಬಹುದು. ಅದು 46 ಮೀಟರ್. ಇರುವೆ ಯಾವ ಮೇಷ್ಟ್ರ ಹತ್ತಿರವೂ ಕಲಿಯದೆ ನೆತ್ತಿ ಮೇಲೆ ಹೋಗುತ್ತದೆ.

ಭೂಮಿಯೂ ಅಷ್ಟೇ. ನೆತ್ತಿ ಅಂದರೆ ಉತ್ತರ ಧ್ರುವ. ಬೆಳಗಾವಿ ಇರೋದು ಪೂರ್ವ ರೇಖಾಂಶ 74.6ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಪಶ್ಚಿಮ 122.4ರಲ್ಲಿ. ಎರಡರ ಮಧ್ಯೆ ಪಶ್ಚಿಮಕ್ಕೆ ಹೋದರೆ 197 ಡಿಗ್ರಿ, ಪೂರ್ವಕ್ಕೆ ಹೋದರೆ 163. ಪೂರ್ತಿ ಎದುರು ಬದಿ ಅಂದರೆ 180. ಹೆಚ್ಚು ಕಡಿಮೆ ಗುಮ್ಮಟದ ಆಚೆ ಬದಿಯ ಬೆಲ್ಲವೇ. ಹಾಗಾಗಿ ಬೆಳಗಾವಿಯಿಂದ ಹೊರಡುವ ಅತಿ ಹತ್ತಿರದ ದಾರಿ ಪಶ್ಚಿಮಕ್ಕೂ ಅಲ್ಲ, ಪೂರ್ವಕ್ಕೂ ಅಲ್ಲ. ಉತ್ತರಕ್ಕೆ ಮುಖ ಮಾಡಿ, ಬಲಕ್ಕೆ ಒಂಚೂರು, 16 ಡಿಗ್ರಿ, ವಾಲಿದರೆ ಆಯಿತು. ಆ ದಾರಿ ಸೈಬೀರಿಯಾ ದಾಟಿ 74 ಡಿಗ್ರಿ ಅಕ್ಷಾಂಶದವರೆಗೆ ಏರಿ, ಆಮೇಲೆ ಇಳಿಯುತ್ತದೆ. ಗೆರೆ ನೇರವೇ ಇದೆ ತಮ್ಮಾ. ಬಾಗಿರೋದು ನಿಮ್ಮ ಮ್ಯಾಪು.

ಬನಶಂಕರಿ ಅಕ್ಕ

ಮೇಷ್ಟ್ರೇ, ಮ್ಯಾಪ್ ಬಾಗೋದಲ್ಲ, ಬಿರಿಯೋದು. ನಮ್ಮ ಬಾದಾಮಿ ಕಡೆ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ. ಜೋಳದ ಹಿಟ್ಟಿನ ಉಂಡೆಯನ್ನು ಬಡಿದು ರೊಟ್ಟಿ ಮಾಡುವಾಗ ನಡುವೆ ಸರಿಯಾಗಿರುತ್ತದೆ, ಅಂಚು ಹರಿಯುತ್ತದೆ. ಹರಿಯಬಾರದು ಅಂದರೆ ಅಂಚನ್ನು ಎಳೆದು ಅಗಲ ಮಾಡಬೇಕು. ಭೂಮಿಯ ಉಂಡೆಯನ್ನು ಕಾಗದದ ಮೇಲೆ ಬಡಿದವರೂ ಅದನ್ನೇ ಮಾಡಿದ್ದಾರೆ. ಮೇಲಿನ ಅಂಚು ಎಳೆದು ಎಳೆದು ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕೂತಿದೆ. ನಿಜಕ್ಕೂ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು. ಎಳೆದ ಅಂಚಿನ ಮೇಲೆ ಹಾದ ಗೆರೆ ಉದ್ದ ಕಾಣದೆ ಇನ್ನೇನು?

ಗುಮ್ಮಟದ ಮೇಷ್ಟ್ರು

31 ವರ್ಷದಲ್ಲಿ ಈ ಉದಾಹರಣೆ ನನಗೆ ಹೊಳೆಯಲಿಲ್ಲ ತಾಯಿ. ಮನೆಯಲ್ಲಿ ರೊಟ್ಟಿ ಬಡಿಯೋರು ಬೇರೆ ಇದ್ದರು, ಅದಕ್ಕೆ.

ಮಾತು ಬಂತು ಅಂತ ಹೇಳುತ್ತೇನೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ಭೂಮಿಯ ಸುತ್ತಳತೆ 4,967 ಯೋಜನ ಅಂತ ಬರೆದರು. ಅವರು ತಮ್ಮ ಊರು ವಿಜ್ಜಡವಿಡ ಅಂದಿದ್ದಾರೆ. ಅದು ನಮ್ಮ ಜಿಲ್ಲೆಯ ಬಿಜ್ಜರಗಿ ಅಂತ ನಮ್ಮ ವಾದ.

ಮುಧೋಳ ಹೌಂಡ್

ಮಹಾರಾಷ್ಟ್ರದವರು ಚಾಳೀಸಗಾಂವ್ ಹತ್ತಿರ ಅಂತಾರೆ ಸರ್. ಈಗ ಗಡಿ ವಿವಾದ ಇಲ್ಲೂ ಶುರು ಮಾಡಬೇಡಿ. ಬೆಳಗಾವಿಯವರು ಈಗಾಗಲೇ ಸುಸ್ತಾಗಿದ್ದಾರೆ.

ಗುಮ್ಮಟದ ಮೇಷ್ಟ್ರು

ಬಿಡಿ. ಯೋಜನಕ್ಕೆ 8 ಕಿ.ಮೀ. ಹಿಡಿದರೆ 40,000 ಕಿ.ಮೀ. ಹತ್ತಿರ ಬರುತ್ತದೆ, ಈಗಿನ ಅಳತೆಯೂ ಅಷ್ಟೇ. ಆದರೆ ಒಂದು ಯೋಜನ ಅಂದರೆ ಎಷ್ಟು ಅನ್ನೋದಕ್ಕೇ ಒಮ್ಮತ ಇಲ್ಲ. ಆದ್ದರಿಂದ ಎದೆ ಉಬ್ಬಿಸೋದು ಸ್ವಲ್ಪ ತಡೆದುಕೊಂಡೇ ಮಾಡುತ್ತೇನೆ.

ಘಟಪ್ರಭಾ ದಂಡೆ

ಹಾಗಾದರೆ ಉತ್ತರಕ್ಕೆ ನೇರವಾಗಿ ಯಾಕೆ ಹೋಗಲ್ಲ? ಫ್ರಾಂಕ್‌ಫರ್ಟ್‌ಗೆ ಹೋಗಿ ಮೂರು ಸಾವಿರ ಕಿ.ಮೀ. ದಂಡ ಯಾಕೆ?

ಸಾಂಬ್ರಾ ರನ್‌ವೇ

ಒಂದು, ನಡುವೆ ಹಿಮಾಲಯ, ಟಿಬೆಟ್ ಇದೆ. ಬೆಟ್ಟಕ್ಕೆ ತಾಗುತ್ತದೆ ಅಂತಲ್ಲ. ವಿಮಾನದ ಒಳಗಿನ ಗಾಳಿಯ ಒತ್ತಡ ಹೋದರೆ ಪೈಲಟ್ ತಕ್ಷಣ 10,000 ಅಡಿ ಆಸುಪಾಸಿಗೆ ಇಳಿಸಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ! ಇಳಿಯೋದು ಎಲ್ಲಿಗೆ?

ಎರಡು, ಆಕಾಶಕ್ಕೂ ಬೇಲಿ ಇದೆ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಯುರೋಪಿನ ವಿಮಾನಗಳಿಗೆ ಬಾಗಿಲು ಹಾಕಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ನಮ್ಮ ವಿಮಾನಗಳಿಗೆ ಬಾಗಿಲು ಹಾಕಿತು. ದಿಲ್ಲಿಯಿಂದ ಯುರೋಪಿಗೆ ಹೋಗುವವರಿಗೆ ಅದರ ಬಿಸಿ ಜಾಸ್ತಿ ತಟ್ಟಿತು.

ಮೂರು, ನನಗೆ ಇಷ್ಟವಾದದ್ದು, ಗಾಳಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಗಾಳಿ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅಂತಾರೆ. ಚಳಿಗಾಲದಲ್ಲಿ ಗಂಟೆಗೆ 200, 300 ಕಿ.ಮೀ. ವೇಗವೂ ಇರುತ್ತದೆ. ಘಟಪ್ರಭಾ ದಂಡೆಯವರಿಗೆ ಹೊಳೆಯ ಜೊತೆ ಈಜೋದಕ್ಕೂ ಎದುರು ಈಜೋದಕ್ಕೂ ವ್ಯತ್ಯಾಸ ನಾನು ಹೇಳಬೇಕಾ? 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆಯಿಂದ ಕಳಿಸಿತು. ದೂರ ಸಾವಿರ ಕಿ.ಮೀ.ಗೂ ಜಾಸ್ತಿಯಾಯಿತು, 15,000 ದಾಟಿತು. ಆದರೆ ಹೊಳೆಯ ಜೊತೆ ಈಜಿದ್ದರಿಂದ ಹದಿನಾಲ್ಕೂವರೆ ತಾಸಿನಲ್ಲಿ ಮುಟ್ಟಿತು, ಮೊದಲಿಗಿಂತ ಬೇಗ. ದೂರ ಹೆಚ್ಚು, ತಾಸು ಕಡಿಮೆ. ಈ ಒಂದು ಉದಾಹರಣೆ ಕೊಟ್ಟು ಅವ್ವನಿಗೆ ಕಿಲೋಮೀಟರ್ ಮರೆತುಬಿಡಿ ಅಂತ ಹೇಳಿ.

ನೆತ್ತಿ ಮೇಲೆ ಹೋದದ್ದೂ ಇದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲೆ ಹಾದು 11ರ ಬೆಳಗಿನ ಜಾವ ಬೆಂಗಳೂರಿಗೆ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಯ ಪೈಲಟ್‌ಗಳು ಎಲ್ಲರೂ ಹೆಣ್ಣುಮಕ್ಕಳು. ಹಾರಿದ್ದು 17 ತಾಸು, ಕ್ಯಾಲೆಂಡರ್‌ನಲ್ಲಿ ಹೋದದ್ದು ಎರಡು ತಾರೀಖು. ಹೊರಗಿನ ಚಳಿಗೆ ಎಣ್ಣೆ ಗಟ್ಟಿಯಾಗದ ಹಾಗೆ ಇಡೀ ದಾರಿ ಕಣ್ಣಿಟ್ಟಿರಬೇಕು. ಜೆಟ್ ಎ–1 ಎಣ್ಣೆ –47 ಡಿಗ್ರಿಗೆ ಹೆಪ್ಪುಗಟ್ಟುತ್ತದೆ.

ಇಂಥ ನೇರ ವಿಮಾನಗಳು ಒಂದು ವರ್ಷ ಇರುತ್ತವೆ, ಇನ್ನೊಂದು ವರ್ಷ ಇರಲ್ಲ. ಟಿಕೆಟ್ ತೆಗೆಯುವ ದಿನ ನೋಡೋದೇ ಸರಿ.

ಗೋಕಾಕ ಸೊಸೆ, ಸನಿವೇಲ್

ಲೆಕ್ಕ ಎಲ್ಲಾ ಚೆನ್ನಾಗಿದೆ. ಆದರೆ ಅಣ್ಣಾ, ಇಪ್ಪತ್ತೈದೂವರೆ ತಾಸು ಅನ್ನೋದನ್ನೂ ನಿಮ್ಮ ಅವ್ವನಿಗೆ ಹೇಳಬೇಡಿ. ಅದು ಬೆಂಗಳೂರಿನಿಂದ. ಅವರು ಬೆಂಗಳೂರಲ್ಲಿ ಇಲ್ಲವಲ್ಲ? ನಮ್ಮ ಅತ್ತೆಯವರನ್ನು ಎರಡು ಸಲ ಕರೆಸಿಕೊಂಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಮಧ್ಯಾಹ್ನ 2ಕ್ಕೆ ಟಿಳಕವಾಡಿ ಬಿಟ್ಟರೆ ಮುಕ್ಕಾಲು ತಾಸಿಗೆ ಸಾಂಬ್ರಾ. ನಾಲ್ಕೂವರೆ ವಿಮಾನಕ್ಕೆ ಪೌಣೆ ಆರಕ್ಕೆ ಬೆಂಗಳೂರು. ಬೇರೆ ಬೇರೆ ಟಿಕೆಟ್ ಆದರೆ ಸಾಮಾನು ತೆಗೆದುಕೊಂಡು ಹೊರಗೆ ಬಂದು, ಒಂದನೇ ಟರ್ಮಿನಲ್‌ನಿಂದ ಎರಡನೇ ಟರ್ಮಿನಲ್‌ಗೆ ಬಸ್ಸಿನಲ್ಲಿ ಹೋಗಬೇಕು. 2023ರಿಂದ ವಿದೇಶದ ವಿಮಾನಗಳೆಲ್ಲ ಎರಡರಿಂದಲೇ. ಅಲ್ಲಿ 3ರವರೆಗೆ ಕಾಯಬೇಕು. ಹತ್ತು ತಾಸು ಹಾರಿ ಫ್ರಾಂಕ್‌ಫರ್ಟ್, ಅಲ್ಲಿ ನಾಲ್ಕು ತಾಸು, ಮತ್ತೆ ಹನ್ನೊಂದೂವರೆ ತಾಸು. ಇಳಿದ ಮೇಲೆ ಇಮಿಗ್ರೇಷನ್ ಸಾಲು, ಸಾಮಾನು, ಒಂದೂವರೆ ತಾಸು. ಅಲ್ಲಿಂದ ಸನಿವೇಲ್‌ಗೆ ಸಂಜೆಯ ಟ್ರಾಫಿಕ್‌ನಲ್ಲಿ ಒಂದು ತಾಸು. ಕೂಡಿಸಿ: 41 ತಾಸು. ಅದರಲ್ಲಿ ವಿಮಾನದೊಳಗೆ ಕೂರೋದು ಇಪ್ಪತ್ಮೂರರ ಒಳಗೆ. ಉಳಿದ ಹದಿನೆಂಟು ತಾಸು ಕುರ್ಚಿ, ಸಾಲು, ಕಾರು. ಅತ್ತೆಯವರು ಸುಸ್ತಾಗಿದ್ದು ಆ ಹದಿನೆಂಟಕ್ಕೆ, ಹಾರಿದ್ದಕ್ಕಲ್ಲ.

ವೀಲ್‌ಚೇರ್ ಮುಂಚೆಯೇ ಕೇಳಿಕೊಳ್ಳಿ. ನಡೆಯೋಕೆ ಬರಲ್ಲ ಅಂತಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಯಾರಾದರೂ ಕೈ ಹಿಡಿದು ಮುಟ್ಟಿಸುತ್ತಾರಲ್ಲ, ಅದಕ್ಕೆ. ಅತ್ತೆಯವರು ಮೊದಲ ಸಲ "ನನ್ನ ಕಾಲು ಗಟ್ಟಿ ಅದಾವು" ಅಂತ ಬೇಡ ಅಂದರು. ಎರಡನೇ ಸಲ ಅವರೇ ಫೋನ್ ಮಾಡಿ "ಕುರ್ಚಿ ಹೇಳೀಯೇನು?" ಅಂತ ಕೇಳಿದರು.

ಅಂಟಿನ ಉಂಡೆ, ಅಳವಿ, ಖಡಕ್ ರೊಟ್ಟಿ ಬರಲಿ. ತಿನ್ನುವ ಸಾಮಾನು ಇದೆ ಅಂತ ಇಳಿದ ಮೇಲೆ ಮುಚ್ಚಿಡದೆ ಹೇಳಬೇಕು. ಕುಂದಾ ತರಬೇಡಿ, ಹಾಲಿನದು ತೆಗೆದಿಟ್ಟುಕೊಂಡರೆ ಕಣ್ಣೀರು ಬರುತ್ತದೆ.

ಕಿತ್ತೂರು ದಾರಿ

ಬೆಂಗಳೂರಿಗೆ ವಿಮಾನವೇ ಯಾಕೆ? 2025ರ ಆಗಸ್ಟ್‌ನಿಂದ ಬೆಳಗಾವಿಗೆ ವಂದೇ ಭಾರತ್ ಇದೆ. ಬೆಳಿಗ್ಗೆ ಹತ್ತಿದರೆ ಎಂಟೂವರೆ ತಾಸಿಗೆ ಬೆಂಗಳೂರು. ಮಳೆಗಾಲದಲ್ಲಿ ಸಾಂಬ್ರಾವನ್ನು ನಂಬೋದು ಕಷ್ಟ.

ಘಟಪ್ರಭಾ ದಂಡೆ

ರೈಲು ಇಳಿಯೋದು ಮೆಜೆಸ್ಟಿಕ್‌ನಲ್ಲಿ. ಅಲ್ಲಿಂದ ದೇವನಹಳ್ಳಿ 35 ಕಿ.ಮೀ. ಬೆಂಗಳೂರಿನ 35 ಕಿ.ಮೀ. ಅಂದರೆ ಯಾವ ಅಕ್ಷಾಂಶದಲ್ಲೂ ಲೆಕ್ಕಕ್ಕೆ ಸಿಗಲ್ಲ. ಆದರೂ ಮಳೆ ವಿಷಯ ನಿಜ.

ಗುಮ್ಮಟದ ಮೇಷ್ಟ್ರು

ನಿಮಗೆ ಸಾಂಬ್ರಾ ಇದೆ, ಹುಬ್ಬಳ್ಳಿ ಇದೆ, ಘಟ್ಟ ಇಳಿದರೆ ಗೋವಾದಲ್ಲಿ ಎರಡು ನಿಲ್ದಾಣ ಇವೆ. ನಾವು ವಿಜಯಪುರದವರು ನಮ್ಮ ನಿಲ್ದಾಣದ ಜಾಗ ಬುರಣಾಪುರದ ಕಡೆ ಆಕಾಶ ನೋಡುತ್ತಾ ಕೂತಿದ್ದೇವೆ. ಜಗಳ ಆಡಿ, ಆಡಿ.

ಟಿಳಕವಾಡಿ ಹುಡುಗ

41 ತಾಸು ಅಂತ ಅವ್ವನಿಗೆ ಹೇಳಿದೆ. ಹೆದರುತ್ತಾಳೆ ಅಂದುಕೊಂಡಿದ್ದೆ. "ಪಂಢರಪುರಕ್ಕ ನಡಕೊಂಡು ಹೋದಾಗ ಹನ್ನೆರಡು ದಿನ ಹಿಡದಿತ್ತು" ಅಂದು ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ.

ಐದು ನಿಮಿಷಕ್ಕೆ ಗೋಡೆಯ ಕ್ಯಾಲೆಂಡರ್ ಕಿತ್ತುಕೊಂಡೇ ಹೊರಗೆ ಬಂದಳು. ವಿಮಾನದ ದಿನ ಸಂಕಷ್ಟಿ. 27 ವರ್ಷದಿಂದ ಒಂದೂ ತಪ್ಪಿಸಿಲ್ಲ. ಚಂದ್ರ ಹುಟ್ಟಿದ ಮೇಲೆಯೇ ಊಟ. ಬೆಳಗಾವಿಗೆ ಚಂದ್ರೋದಯ ರಾತ್ರಿ 9.45 ಅಂತಿದೆ. ವಿಮಾನದಲ್ಲಿ ಚಂದ್ರ ಎಷ್ಟಕ್ಕೆ?

ನಗಬೇಡಿ. ಇದಕ್ಕೆ ಉತ್ತರ ಸಿಗದಿದ್ದರೆ ಟಿಕೆಟ್ ಬದಲಿಸು ಅಂತಿದ್ದಾಳೆ.

ಸಾಂಬ್ರಾ ರನ್‌ವೇ

ನಗು ಬರಲಿಲ್ಲ, ತಲೆ ತಿರುಗಿತು. ನೋಡಿ, ಫ್ರಾಂಕ್‌ಫರ್ಟ್‌ನಿಂದ ಹೊರಡೋದು ಅಲ್ಲಿನ ಮಧ್ಯಾಹ್ನ ಒಂದೂವರೆಗೆ. ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟೋದು ಅಲ್ಲಿನ ಸಂಜೆ 4ಕ್ಕೆ. ಹನ್ನೊಂದೂವರೆ ತಾಸು ಸೂರ್ಯನ ಬೆನ್ನು ಹತ್ತಿಯೇ ಹೋಗುತ್ತದೆ ವಿಮಾನ. ಜುಲೈನಲ್ಲಿ ಅಷ್ಟು ಉತ್ತರದಲ್ಲಿ ದಾರಿಯುದ್ದಕ್ಕೂ ಹಗಲೇ. ಇಳಿದ ಮೇಲೂ ಅಲ್ಲಿ ಕತ್ತಲಾಗಿ ಚಂದ್ರ ಹುಟ್ಟೋಕೆ ರಾತ್ರಿ 10 ಆಗಬಹುದು. ಆಗ ಬೆಳಗಾವಿಯಲ್ಲಿ ಮರುದಿನ ಬೆಳಿಗ್ಗೆ ಹತ್ತೂವರೆ. ಅವ್ವನಿಗೆ ಆ ತಾರೀಖು 24 ತಾಸಿನದಲ್ಲ, ಮೂವತ್ತಾರೂವರೆ ತಾಸಿನದು.

ಬನಶಂಕರಿ ಅಕ್ಕ

ಅಯ್ಯೋ, ಆ ವಯಸ್ಸಿಗೆ ಅಷ್ಟು ಹೊತ್ತು ಉಪವಾಸ ಬೇಡಪ್ಪ.

ನಮ್ಮ ಮಾವನವರು ಪಂಚಾಂಗ ನೋಡುತ್ತಿದ್ದರು. ಅವರ ಮಾತು ಹೇಳುತ್ತೇನೆ. ತಿಥಿ ಅನ್ನೋದು ಸೂರ್ಯ ಚಂದ್ರರ ನಡುವಿನ ಅಂತರ. ಅದು ಇಡೀ ಭೂಮಿಗೆ ಒಂದೇ ಕ್ಷಣಕ್ಕೆ ಶುರು, ಒಂದೇ ಕ್ಷಣಕ್ಕೆ ಮುಗಿಯಿತು. ಉದಯ ಮಾತ್ರ ಊರಿಂದ ಊರಿಗೆ ಬೇರೆ. ಅದಕ್ಕೇ ಪಂಚಾಂಗದಲ್ಲಿ ದೇಶಾಂತರ ಸಂಸ್ಕಾರ ಅಂತ ಇರೋದು. ಒಂದು ಡಿಗ್ರಿಗೆ 4 ನಿಮಿಷ. ಬೆಳಗಾವಿಗೂ ಬೆಂಗಳೂರಿಗೂ ಮೂರು ಡಿಗ್ರಿ, ಹನ್ನೆರಡು ನಿಮಿಷ. ಅಮೆರಿಕದಲ್ಲಿ ಇರುವವರು ಅಲ್ಲಿನ ಪಂಚಾಂಗ ನೋಡುತ್ತಾರೆ, ಅಲ್ಲಿ ಸಂಕಷ್ಟಿ ಕೆಲವು ಸಲ ಹಿಂದಿನ ತಾರೀಖಿಗೇ ಬರುತ್ತದೆ.

ಆದರೆ ನಿಮ್ಮ ಅವ್ವ ಆವತ್ತು ಬೆಳಿಗ್ಗೆ ಸಂಕಲ್ಪ ಮಾಡಿದ್ದು ಇಲ್ಲಿಯ ಲೆಕ್ಕದಲ್ಲಿ. ಹಾಗಾಗಿ ಬೆಳಗಾವಿಯ ಚಂದ್ರನೇ ಆಕೆಯ ಚಂದ್ರ. ನಾನಾಗಿದ್ದರೆ 9.45ಕ್ಕೆ ಊರಿನ ದಿಕ್ಕಿಗೆ ಕೈ ಮುಗಿದು ಊಟ ಮಾಡುತ್ತಿದ್ದೆ.

ಗೋಕಾಕ ಸೊಸೆ, ಸನಿವೇಲ್

ಅಕ್ಕಾ, ಮಾತು ಸರಿ. ಆದರೆ ವಿಮಾನದಲ್ಲಿ ಬೆಳಗಾವಿಯ 9.45 ಆಯಿತು ಅಂತ ತಿಳಿಯೋದು ಹೇಗೆ? ಮುಂದಿನ ಪರದೆ ಮೇಲೆ ಮುಟ್ಟುವ ಊರಿನ ಹೊತ್ತು ತೋರಿಸುತ್ತದೆ. ಫೋನ್ ಫ್ರಾಂಕ್‌ಫರ್ಟ್‌ನಲ್ಲಿ ತಾನಾಗಿಯೇ ಬದಲಾಗಿರುತ್ತದೆ.

ಟಿಳಕವಾಡಿ ಹುಡುಗ

ಅಪ್ಪನ ಎಚ್‌ಎಂಟಿ ವಾಚು ಇದೆ. ಕೀಲಿ ಕೊಡುವಂಥದ್ದು. ಅದು ಯಾರ ಮಾತೂ ಕೇಳಿ ಬದಲಾಗಲ್ಲ.

ಮುಧೋಳ ಹೌಂಡ್

ಇಷ್ಟು ಹೊತ್ತಿನ ಚರ್ಚೆಯಲ್ಲಿ ಇದೊಂದು ಕೆಲಸಕ್ಕೆ ಬರುವ ಯಂತ್ರ.

ಟಿಳಕವಾಡಿ ಹುಡುಗ (ಮೂರು ವಾರದ ನಂತರ)

ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಅವ್ವ ಮುಟ್ಟಿದಳು.

ಹೊರಟ ದಿನ ಸಾಂಬ್ರಾ ಮೇಲೆ ಮೋಡ ನೆಲಕ್ಕೇ ಇಳಿದಿತ್ತು. ಬೆಂಗಳೂರಿನಿಂದ ಬರಬೇಕಾದ ವಿಮಾನ ಎರಡು ಸುತ್ತು ಹಾಕಿತು, ಸದ್ದು ಕೇಳಿಸುತ್ತದೆ, ಕಾಣಿಸಲ್ಲ. ಆಮೇಲೆ ಸದ್ದೂ ಇಲ್ಲ. ಕಿತ್ತೂರು ದಾರಿಯವರ ಮಾತು ನೆನಪಾಗಿ ಹೊಟ್ಟೆ ತೊಳೆಸಿತು. ಮಳೆ ಸ್ವಲ್ಪ ಹಿಂದೆ ಸರಿದ ಮೇಲೆ ಮತ್ತೆ ಬಂದು ಇಳಿಯಿತು. ನಾಲ್ಕೂವರೆಗೆ ಹೊರಡಬೇಕಾದದ್ದು ಏಳಕ್ಕೆ ಹೊರಟಿತು. ಬೆಂಗಳೂರಿನಲ್ಲಿ ಒಂಬತ್ತು ತಾಸು ಕಾಯಬೇಕು ಅಂತ ನಾನು ಏಜೆಂಟ್ ಜೊತೆ ಜಗಳ ಮಾಡಿದ್ದೆ. ಅದೇ ಒಂಬತ್ತು ತಾಸು ಕಾಪಾಡಿತು. ಬಾಗಿಲಿನಿಂದ ಬಾಗಿಲಿಗೆ ಕೊನೆಗೆ ಆದದ್ದು 41 ತಾಸು 20 ನಿಮಿಷ. ಗೋಕಾಕದ ಅಕ್ಕ, ನಿಮ್ಮ ಲೆಕ್ಕದಲ್ಲಿ ತಪ್ಪು 20 ನಿಮಿಷ ಮಾತ್ರ.

ಸಂಕಷ್ಟಿಯ ಕಥೆ ತಂಗಿ ಫೋನಿನಲ್ಲಿ ಹೇಳಿದಳು. ವಾಚಿನಲ್ಲಿ ಒಂಬತ್ತೂ ಮುಕ್ಕಾಲು ಆದಾಗ ಅವ್ವ ಕಿಟಕಿಯ ಮುಸುಕು ಮೇಲೆ ಮಾಡಿದ್ದಾಳೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಕೆಳಗೆ ಬೆಳ್ಳಗೆ ಹಿಮ. ಬಹುಶಃ ಗ್ರೀನ್‌ಲ್ಯಾಂಡ್. ಆ ಬಿಸಿಲಿನಲ್ಲಿ ಕೂತು ಬೆಳಗಾವಿಯ ಚಂದ್ರನಿಗೆ ಕೈ ಮುಗಿದು, ಪ್ಲಾಸ್ಟಿಕ್ ಲೋಟದಿಂದ ಒಂದು ಚಮಚ ನೀರು ಬಿಟ್ಟು, ಶೇಂಗಾ ಉಂಡೆ ಬಾಯಿಗೆ ಹಾಕಿಕೊಂಡಿದ್ದಾಳೆ. ಪಕ್ಕದಲ್ಲಿದ್ದ ಜರ್ಮನ್ ಮುದುಕಿ ಏನು ಅಂತ ಕೇಳಿದಳಂತೆ. ಭಾಷೆ ಬರಲಿಲ್ಲ, ಒಂದು ಉಂಡೆ ಕೊಟ್ಟಳಂತೆ.

ಇದೇ ಹೊತ್ತಿಗೆ ನಾನು ಇಲ್ಲಿ ಮಾಳಿಗೆ ಮೇಲೆ ನಿಂತಿದ್ದೆ. ಮೋಡ, ಚಂದ್ರ ಕಾಣಲೇ ಇಲ್ಲ. ಅದನ್ನು ಅವ್ವನಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಹೆಣ್ಣು ಮಗು. ತಾಯಿ ಮಗು ಇಬ್ಬರೂ ಆರಾಮ.

ಬನಶಂಕರಿ ಅಕ್ಕ

ಅಳವಿ ಪಾಯಸ ಮಾಡಲಿ. ವಾಚು ಈಗ ಎಷ್ಟು ತೋರಿಸುತ್ತಿದೆ?

ಟಿಳಕವಾಡಿ ಹುಡುಗ

ಬೆಳಗಾವಿಯದೇ. ಅಡುಗೆಮನೆಯಲ್ಲಿ ಮೊಳೆಗೆ ನೇತುಹಾಕಿದ್ದಾಳಂತೆ, ತಂಗಿ ಬದಲಿಸೋಕೆ ಹೋದರೆ ಕೈ ಮೇಲೆ ಹೊಡೆದಳಂತೆ. ನಿನ್ನೆ ಅಲ್ಲಿ ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿದ್ದಳು. "ಐದೂವರಿ ಆತು, ಹಾಲಿನವ ಬಂದಾನೇನು ನೋಡು" ಅಂದಳು. ಬಂದಿದ್ದ.